ಹೆರಿಗೆ ಕೋಣೆಗೆ ಬರೆದ ಅರ್ಜಿ

ಮಹಿಳಾ ಮಂಡಲಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ನನಗೆ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನನ್ನ ತವರು ನರಿಮೊಗರಿನ ಕಡೆ. ಅಲ್ಲಿ ಶಾಲೆ ಹತ್ತಿರವಿತ್ತು, ಎಂಟನೆಯ ತರಗತಿಯವರೆಗೆ ಕಲಿತಿದ್ದೆ. ಮದುವೆಯಾಗಿ ಕಡಬದಿಂದಲೂ ಒಳಗಿರುವ ಹಳ್ಳಿಗೆ ಬಂದಾಗ, ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲ ಹೆಂಗಸು ಆ ಊರಲ್ಲಿ ನಾನೊಬ್ಬಳೇ ಎಂದು ತಿಳಿದು ಮೊದಲು ಹೆಮ್ಮೆಯೇ ಆಗಿತ್ತು. ಮಾವ ನನ್ನಿಂದ ಕಾಗದ ಪತ್ರ ಬರೆಸುತ್ತಿದ್ದರು. ಬರೆದದ್ದನ್ನು ಜಗಲಿಯಲ್ಲಿ ಕೂತವರಿಗೆ ತೋರಿಸಿ, "ನಮ್ಮ ಸೊಸೆಯ ಅಕ್ಷರ ನೋಡಿ ಮಾರಾಯ್ರೆ" ಎನ್ನುತ್ತಿದ್ದರು. ಅಕ್ಷರ ಜಗಲಿಗೆ ಹೋಗುತ್ತಿತ್ತು, ನಾನು ಹೋಗುವ ಹಾಗಿರಲಿಲ್ಲ.

ಆ ಮನೆಯಲ್ಲಿ ನನಗೆ ಆಸರೆಯಾದವಳು ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಎತ್ತರದ ಹೆಂಗಸು, ಗಟ್ಟಿ ದನಿ. ಅವಳಿಗೆ ಓದು ಬರಹ ಬಾರದು. ಅವಳ ಚೊಚ್ಚಲ ಹೆರಿಗೆಯ ಕಥೆಯನ್ನು ನನಗೆ ಮೊದಲು ಹೇಳಿದ್ದು ಬೇರೆಯವರು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಅವಳ ಹೆರಿಗೆಯನ್ನು ಇಲ್ಲೇ ಮಾಡಿಸುವುದೆಂದಾಗಿತ್ತು. ನಮ್ಮ ಮನೆಯಲ್ಲಿ ಹೆರುವ ಜಾಗವೆಂದರೆ ಬಚ್ಚಲಿನ ಪಕ್ಕದ, ತೆಂಗಿನ ಒಣ ಮಡಲು ಪೇರಿಸಿಡುವ ಕತ್ತಲೆ ಕೋಣೆ. ನೋವು ತಿಂದು ತಿಂದು ಅವಳು ಸೋತಳು. ಸೂಲಗಿತ್ತಿ ತನ್ನಿಂದಾಗದು ಎಂದಳು. ಆಮೇಲೆ ಕುರ್ಚಿಗೆ ಬಿದಿರು ಕಟ್ಟಿ, ಪುತ್ತೂರಿನ ಆಸ್ಪತ್ರೆಗೆಂದು ಹೊತ್ತುಕೊಂಡು ಹೊರಟರು. ಹೊಳೆಯ ದಂಡೆಯಲ್ಲಿ ಮಗು ಹುಟ್ಟಿತು, ಅಳಲಿಲ್ಲ.

ಬಹಳ ದಿನಗಳ ಮೇಲೆ ಅವಳೇ ಒಮ್ಮೆ, ಅಕ್ಕಿ ಆರಿಸುತ್ತಾ ಹೇಳಿದಳು: "ಹೊತ್ತುಕೊಂಡು ಹೋದವ್ರು ಪಾಪ, ಮರ್ಯಾದೆಯವ್ರು. ನಾಲ್ಕೂ ಜನ ಬೆನ್ನು ಹಾಕಿ ನಿಂತ್ರು. ಆದ್ರೆ ಮಗುವನ್ನು ಹಿಡಿಲಿಕ್ಕೆ ಒಂದು ಕೈ ಇರಲಿಲ್ಲ ನೋಡು."

ಅಷ್ಟು ಹೇಳಿ ಕಲ್ಲು ಹೆಕ್ಕುವುದನ್ನು ಮುಂದುವರಿಸಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಐವತ್ತರ ದಶಕದ ನಡುವಿನಲ್ಲಿ ನಮ್ಮ ಕಡೆಗೂ ಬ್ಲಾಕ್ ಆಫೀಸು, ಅಭಿವೃದ್ಧಿ ಯೋಜನೆ ಎಂಬ ಮಾತುಗಳು ಬಂದವು. ಒಂದು ದಿನ ಗ್ರಾಮಸೇವಕಿ ಬಂದಳು. ಖಾದಿ ಸೀರೆ ಉಟ್ಟ, ಮಂಗಳೂರಿನ ಕಡೆಯ ಹುಡುಗಿ. ನಮ್ಮ ಅಂಗಳದಲ್ಲಿ ಹೆಂಗಸರನ್ನು ಸೇರಿಸಿ, ಹೊಗೆ ಬಾರದ ಒಲೆ ಕಟ್ಟುವುದು ಹೇಗೆಂದು ತೋರಿಸಿದಳು. ನಾವೆಲ್ಲ ತಲೆಯಾಡಿಸಿದೆವು. ಕೊನೆಗೆ ಅವಳು, "ಊರಿಗೆ ಬೇಕಾದ ಒಂದು ಕೆಲಸ ನೀವೇ ಹೇಳಿ. ಅರ್ಧ ಖರ್ಚು ಸರ್ಕಾರ ಕೊಡ್ತದೆ. ಇನ್ನರ್ಧಕ್ಕೆ ಜನ ಮೈ ಬಗ್ಗಿಸಿ ದುಡಿದ್ರೂ ಆಯ್ತು, ಕಲ್ಲು ಮರ ಕೊಟ್ರೂ ಆಯ್ತು. ನಿಮಗೆ ಎಂತ ಬೇಕು?" ಎಂದು ಕೇಳಿದಳು.

ಅಂಥ ಪ್ರಶ್ನೆಗೆ ಉತ್ತರ ಕೊಟ್ಟು ನಮಗೆ ಅಭ್ಯಾಸವಿರಲಿಲ್ಲ. ಆಗ ಹಿಂದಿನಿಂದ ಅಕ್ಕನ ದನಿ ಕೇಳಿತು.

"ಹೆರಲಿಕ್ಕೆ ಒಂದು ಕೋಣೆ ಬೇಕು. ಬೆಳಕು ಇರುವಂಥದ್ದು."

ಕೆಲವರು ಸೆರಗು ಬಾಯಿಗಿಟ್ಟು ನಕ್ಕರು. ಗ್ರಾಮಸೇವಕಿ ನಗಲಿಲ್ಲ. ಕೋಣೆಯಿದ್ದರೆ ಸರ್ಕಾರದ ಮಿಡ್‌ವೈಫ್ ವಾರಕ್ಕೊಮ್ಮೆ ಬರುವ ಹಾಗೆ ಮಾಡಬಹುದು, ಕಷ್ಟದ ಹೆರಿಗೆ ಯಾವುದೆಂದು ಮೊದಲೇ ನೋಡಿ ಪುತ್ತೂರಿಗೆ ಕಳಿಸಬಹುದು ಎಂದು ವಿವರಿಸಿದಳು. ಅರ್ಜಿ ಹಾಕಲು ಒಂದು ಮಹಿಳಾ ಮಂಡಲ ಬೇಕೆಂದಳು. ಹಿರಿಯ ಹೆಂಗಸೆಂದು ಅತ್ತೆಯನ್ನು ಅಧ್ಯಕ್ಷೆ ಮಾಡಿದೆವು. ಅತ್ತೆ ನಾಚಿ ಒಳಗೆ ಓಡಿದರು. ನಾನು ಕಾರ್ಯದರ್ಶಿಯಾದೆ. ಜಾಗ ಯಾರದ್ದು ಎಂಬ ಪ್ರಶ್ನೆ ಬಂದಾಗ ಮಾವನೇ ಮುಂದೆ ಬಂದು, ರಸ್ತೆ ಬದಿಯ ಒಂದು ತುಂಡು ನೆಲವನ್ನು ಕೊಡುತ್ತೇನೆ ಎಂದರು. ಅವರ ಮಾತು ಕೇಳಿ ನನ್ನ ಕಣ್ಣು ತುಂಬಿತ್ತು. ಅದನ್ನು ಈಗಲೂ ಬರೆಯಬೇಕು. ಆ ದಿನ ಅವರು ಮನಸ್ಸಿನಿಂದಲೇ ಕೊಟ್ಟಿದ್ದರು.

ಆ ಅರ್ಜಿ ಬರೆದಷ್ಟು ಶ್ರದ್ಧೆಯಿಂದ ನಾನು ಬೇರೆ ಏನನ್ನೂ ಬರೆದಿಲ್ಲ. ಅಕ್ಕ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಯಾವ ಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ, ಯಾರ ಮನೆಯಲ್ಲಿ ಬಾಣಂತಿ ಸತ್ತಳು, ಯಾರ ಮನೆಯಲ್ಲಿ ಕೂಸು ಸತ್ತಿತು. ತನ್ನದನ್ನು ಮಾತ್ರ ಹೇಳಲಿಲ್ಲ. ನಾನು ಕೇಳದೆಯೇ ಅದನ್ನೂ ಸೇರಿಸಿದೆ, ಯಾರದ್ದೆಂದು ಬರೆಯದೆ.

ಅರ್ಜಿ ತೆಗೆದುಕೊಂಡು ನಾವಿಬ್ಬರೂ ನನ್ನ ಗಂಡನ ಜತೆ ಪುತ್ತೂರಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಯ ಬ್ಲಾಕ್ ಆಫೀಸಿನ ಸಾಹೇಬರು ಮದ್ರಾಸಿನ ಕಡೆಯವರು. ನಮ್ಮ ಜಿಲ್ಲೆ ಆಗಿನ್ನೂ ಮದ್ರಾಸಿಗೆ ಸೇರಿತ್ತು. ಕಾಗದವನ್ನು ತಿರುಗಿಸಿ ನೋಡಿ, ಇಂಗ್ಲಿಷಿನಲ್ಲಿ ಬೇಕು ಎಂದು ನನ್ನ ಗಂಡನಿಗೆ ಹೇಳಿದರು. ಅರ್ಜಿ ನಮ್ಮದು, ಮಾತು ಅವರಿಬ್ಬರದ್ದು. ಕೋರ್ಟಿನ ಹತ್ತಿರ ಟೈಪು ಮಾಡುವವನೊಬ್ಬ ಅದನ್ನು ಇಂಗ್ಲಿಷಿಗೆ ತಂದ. ನಾನು ಪುಟಗಟ್ಟಲೆ ಬರೆದದ್ದು ಅವನ ಕೈಯಲ್ಲಿ ಅರ್ಧ ಪುಟವಾಯಿತು. "ಸತ್ತವರ ಸಂಗತಿ ಎಲ್ಲ ಬೇಡಮ್ಮ, ಅವ್ರು ಓದುದಿಲ್ಲ" ಎಂದ.

ಕಾದೆವು. ಆ ನಡುವೆ ರಾಜ್ಯಗಳು ಬದಲಾಗಿ ನಮ್ಮ ಜಿಲ್ಲೆ ಮೈಸೂರಿಗೆ ಸೇರಿತು. ಊರಿನ ಗಂಡಸರು ಜಗಲಿಯಲ್ಲಿ ಕೂತು, ಇನ್ನು ಕನ್ನಡದ ರಾಜ್ಯ, ಇನ್ನು ನಮ್ಮ ಮಾತು ನಡೆಯುತ್ತದೆ ಎಂದು ಸಂತೋಷಪಟ್ಟರು. ನಾನೂ ಸಂತೋಷಪಟ್ಟೆ. ಮತ್ತೆ ಪುತ್ತೂರಿಗೆ ಹೋಗಿ ಕೇಳಿದಾಗ ಗುಮಾಸ್ತ ಹೇಳಿದ:

"ನಿಮ್ಮ ಫೈಲು ಮದ್ರಾಸಿಗೆ ಹೋಗಿದೆ. ಈಗ ನಾವು ಮೈಸೂರು. ಅಲ್ಲಿಂದ ಅದು ಬರುದೂ ಇಲ್ಲ, ನಾವು ಕೇಳುದೂ ಇಲ್ಲ. ಹೊಸತು ಹಾಕಿ."

ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. "ಹೆರುವವರು ಮದ್ರಾಸಿಗೆ ಹೋಗಿಲ್ಲ, ಇಲ್ಲೇ ಇದ್ದಾರೆ" ಎಂದಳು. ಗುಮಾಸ್ತ ಮುಂದಿನವರನ್ನು ಕರೆದ.

ಹೊಸ ಸಾಹೇಬರು ಮೈಸೂರಿನ ಕಡೆಯವರು, ಮೃದು ಮಾತಿನವರು. ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದರು. ನನ್ನ ಅರ್ಜಿಯನ್ನು ಕನ್ನಡದಲ್ಲೇ, ಪೂರ್ತಿ ಓದಿದರು. ಓದಿ ಮುಗಿಸಿ, "ಬಹಳ ಚೆನ್ನಾಗಿ ಬರೆದಿದೀರಿ ತಾಯಿ. ಆದ್ರೆ ಹೆರಿಗೆ ಕೋಣೆ ಅಂತ ನನ್ನ ಹತ್ರ ಯಾವ ಸ್ಕೀಮೂ ಇಲ್ಲ. ಅದು ಆರೋಗ್ಯ ಇಲಾಖೆಗೆ ಹೋಗುತ್ತೆ, ಅವರು ವರ್ಷಗಟ್ಟಲೆ ಕೂರಿಸ್ತಾರೆ. ಮಹಿಳಾ ಮಂಡಲದ ಕಟ್ಟಡ ಅಂತ ಬರೀರಿ. ಹೊಲಿಗೆ, ಭಜನೆ, ಶಿಶುವಿಹಾರ ಅಂತ ಹಾಕಿ. ಈ ತಿಂಗಳೇ ಕಳಿಸ್ತೀನಿ. ಒಳಗೆ ನಿಮಗೆ ಏನು ಬೇಕೋ ಮಾಡ್ಕೊಳ್ಳಿ" ಎಂದರು.

ಅಕ್ಕ ಕೇಳಿದಳು: "ಒಳಗೆ ಎಂತ ಬೇಕಾದ್ರೂ ಮಾಡಬಹುದು ಅಂತಾದ್ರೆ, ಅದನ್ನೇ ಕಾಗದದಲ್ಲಿ ಬರಿಲಿಕ್ಕೆ ಯಾಕೆ ಆಗುದಿಲ್ಲ?"

ಸಾಹೇಬರು ನಕ್ಕು ನನ್ನ ಗಂಡನ ಕಡೆ ನೋಡಿದರು. ಅವರೂ ನಕ್ಕರು. ಮನೆಗೆ ಬಂದು ನಾನು ಹೊಲಿಗೆ, ಭಜನೆ, ಶಿಶುವಿಹಾರ ಎಂದು ಬರೆದೆ. ಬೇರೆ ದಾರಿ ಇರಲಿಲ್ಲ.

ಆ ಸಾಹೇಬರು ಮಾತಿಗೆ ತಪ್ಪಲಿಲ್ಲ, ಮಂಜೂರಾಯಿತು. ಆಮೇಲಿನ ಬೇಸಗೆಯನ್ನು ನೆನೆದರೆ ಇಂದಿಗೂ ಮೈ ಹಗುರಾಗುತ್ತದೆ. ನಮ್ಮ ಪಾಲಿನ ಅರ್ಧವನ್ನು ನಾವು ಮೈಯಿಂದಲೇ ತುಂಬಿದೆವು. ಹೊಳೆಗಿಳಿದು ಮರಳು ತೋಡಿ, ಆ ಹೊಯಿಗೆ ಹೊತ್ತೆವು. ಕೆಂಪು ಕಲ್ಲನ್ನು ಗಾಡಿಯಿಂದ ಇಳಿಸಿ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ನಮ್ಮ ಮನೆಯ ಹೆಂಗಸರು, ಪಕ್ಕದ ಗೌಡರ ಮನೆಯವರು, ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು, ಎಲ್ಲ ಒಂದೇ ಸಾಲಿನಲ್ಲಿ. ಬೇರೆ ಯಾವ ಕೆಲಸಕ್ಕೂ ನಾವು ಹಾಗೆ ನಿಂತವರಲ್ಲ. ಕಲ್ಲು ದಾಟಿಸುವಾಗ ಕೈಗೆ ಕೈ ತಾಗಿದರೆ ಮೊದಲ ದಿನ ಎಲ್ಲರೂ ಬೆಚ್ಚಿದರು. ಆಮೇಲೆ ಯಾರೂ ಗಮನಿಸಲಿಲ್ಲ.

ಅಕ್ಕ ಮೇಸ್ತ್ರಿಯ ಬೆನ್ನು ಬಿಡಲಿಲ್ಲ. ಹೊರಗಿನವರ ಕಣ್ಣಿಗೆ ಬೀಳದಂತೆ ಕಿಟಕಿ ಎತ್ತರದಲ್ಲಿರಬೇಕು, ಆದರೆ ದೊಡ್ಡದಿರಬೇಕು. ನೆಲ ಒಂದು ಮೂಲೆಗೆ ಇಳಿಜಾರಾಗಿರಬೇಕು, ತೊಳೆದ ನೀರು ಹೊರಗೆ ಹೋಗಲು ಅಲ್ಲೊಂದು ಕಂಡಿ ಇರಬೇಕು. ಮೇಸ್ತ್ರಿ, "ಹೊಲಿಗೆ ಕ್ಲಾಸಿಗೆ ಕಂಡಿ ಎಂತಕ್ಕಮ್ಮ?" ಎಂದು ಕೇಳಿದ. ಅಕ್ಕ, "ನೀನು ಹುಟ್ಟುವಾಗ ನಿನ್ನ ಅಮ್ಮನನ್ನು ಎಲ್ಲಿ ಮಲಗಿಸಿದ್ರು, ಕೇಳಿಕೊಂಡು ಬಾ" ಎಂದಳು. ಅವನು ಕಂಡಿ ಇಟ್ಟ.

ಉದ್ಘಾಟನೆಗೆ ಮೇಲಿನವರು ಜೀಪಿನಲ್ಲಿ ಬಂದರು. ಚಪ್ಪರದಡಿ ಕುರ್ಚಿಗಳಲ್ಲಿ ಗಂಡಸರು ಕೂತರು. ಗೋಡೆಯ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರು, ಸಾಹೇಬರ ಹೆಸರು, ಜಾಗ ಕೊಟ್ಟ ಮಾವನ ಹೆಸರು. ಮಂಡಲದ ವರದಿ ಬರೆದದ್ದು ನಾನು. ಸಭೆಯಲ್ಲಿ ಹೆಂಗಸು ಓದುವುದು ಚೆನ್ನಾಗಿರುವುದಿಲ್ಲವೆಂದು ಊರಿನ ಸಹಕಾರಿ ಸೊಸೈಟಿಯ ಕಾರ್ಯದರ್ಶಿ ಅದನ್ನು ಓದಿದರು. ಆಗ ಗ್ರಾಮಸೇವಕಿ ಎದ್ದು, ಖುಷಿಯಲ್ಲಿ, ಇಲ್ಲಿ ಮಿಡ್‌ವೈಫ್ ಬರುತ್ತಾಳೆ, ಯಾವ ಜಾತಿಯ ಹೆಂಗಸಾದರೂ ಬಂದು ಹೆರಬಹುದು ಎಂದು ಹೇಳಿಬಿಟ್ಟಳು. ನಾನು ಕಂಬದ ಮರೆಯಲ್ಲಿ ನಿಂತು ಮಾವನ ಮುಖ ನೋಡುತ್ತಿದ್ದೆ. ಅವರ ಮುಖದ ನಗು ಹಾಗೇ ಇತ್ತು, ಕಣ್ಣಿನದು ಮಾತ್ರ ಆರಿತು. ತಾನು ಕೊಟ್ಟ ನೆಲದಲ್ಲಿ, ತನ್ನ ಹೆಸರಿನ ಕಲ್ಲಿನಡಿ ಯಾರು ಯಾರು ಬಂದು ಮಲಗಬಹುದು ಎಂದು ಅವರು ಅಷ್ಟು ಹೊತ್ತಿನವರೆಗೆ ಯೋಚಿಸಿಯೇ ಇರಲಿಲ್ಲ ಎಂದು ಕಾಣುತ್ತದೆ.

ಸಭೆ ಮುಗಿದ ಮೇಲೆ ಬೀಗದ ಕೈಯನ್ನು ಅವರೇ ಇಟ್ಟುಕೊಂಡರು. "ಹೆಂಗಸರ ಕೈಯಲ್ಲಿದ್ದರೆ ಎಲ್ಲಿಯಾದ್ರೂ ಬೀಳ್ತದೆ" ಎಂದರು.

ಮಿಡ್‌ವೈಫ್ ಬಂದದ್ದು ಮಳೆಗಾಲ ಮುಗಿದ ಮೇಲೆ. ಅಷ್ಟರಲ್ಲಿ ಕೋಣೆಯ ಒಳಗೆ ಸೊಸೈಟಿಯ ಗೊಬ್ಬರದ ಮೂಟೆಗಳು ಮಾಡಿನ ಹಂಚಿನವರೆಗೆ ಪೇರಿಸಿದ್ದವು. ಸೊಸೈಟಿಗೆ ಸ್ವಂತ ಕಟ್ಟಡ ಆಗುವವರೆಗೆ ಮಾತ್ರ ಎಂದು ಮಾವ ಹೇಳಿದರು. ಸೊಸೈಟಿಯ ಅಧ್ಯಕ್ಷರೂ ಅವರೇ. ತೇವ ಒಳಗೆ ಬರಬಾರದೆಂದು ಮೂಲೆಯ ಕಂಡಿಗೆ ಸಿಮೆಂಟು ತುಂಬಿಸಿದ್ದರು. ಮಿಡ್‌ವೈಫ್ ಮಲಯಾಳ ಸೀಮೆಯ ಹುಡುಗಿ. ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋದವಳು ಮತ್ತೆ ಬರಲಿಲ್ಲ.

ನಾನು ಗಂಡನ ಹತ್ತಿರ ಜಗಳ ಮಾಡಿದೆ. "ಅಪ್ಪನ ಹತ್ರ ನಾನು ಹೇಗೆ ಹೇಳುದು? ಜಾಗ ಅವರದ್ದು" ಎಂದರು.

"ಜಾಗ ಕೊಟ್ಟಾಗಿದೆ. ಕಲ್ಲು ಹೊತ್ತದ್ದು ನಾವು."

"ಕೊಟ್ಟದ್ದು ಬಾಯಲ್ಲಿ ಮಾರಾಯ್ತಿ. ರಿಜಿಸ್ಟ್ರಿ ಎಲ್ಲಿ ಆಗಿದೆ?"

ಅದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಅರ್ಜಿಯ ಜತೆ ಇಟ್ಟದ್ದು ಮಾವನ ಒಪ್ಪಿಗೆಯ ಕಾಗದ ಮಾತ್ರ. ಅದನ್ನು ಬರೆದವಳೂ ನಾನೇ, ಅವರು ಹೇಳಿದ ಹಾಗೆ.

ಮರುವರ್ಷದ ಬೇಸಗೆಯಲ್ಲಿ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬಳಿಗೆ ನೋವು ಬಂತು. ಕಲ್ಲು ದಾಟಿಸುವ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವಳು. ಅವಳ ಗುಡಿಸಲು ಗುಡ್ಡದ ಆಚೆ. ಜತೆಯವರು ಅವಳನ್ನು ನೇರ ಆ ಕಟ್ಟಡಕ್ಕೆ ಕರೆದುಕೊಂಡು ಹೋದರು. ಹೆರಲಿಕ್ಕೆ ಕಟ್ಟಿದ್ದು ಎಂದು ಅವರಿಗೆ ಗೊತ್ತಿತ್ತು, ಅವರೇ ಕಟ್ಟಿದ್ದು. ಬಾಗಿಲಿಗೆ ಬೀಗ. ಒಬ್ಬಳು ಓಡಿ ಬಂದು ನಮಗೆ ಹೇಳಿದಳು.

ಅಕ್ಕ ಜಗಲಿಗೆ ಹೋದಳು. ಮಾವನ ಎದುರು ನಿಂತು ಅವಳು ಮಾತಾಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಕೀ ಕೊಡಿ ಮಾವ."

"ಒಳಗೆ ಗೊಬ್ಬರ ಉಂಟು. ಅಲ್ಲಿ ಯಾರನ್ನು ಮಲಗಿಸ್ತೀ? ಉಸಿರು ಕಟ್ಟಿ ಸಾಯ್ತಾರೆ."

ಮಾತು ನಿಜವೇ ಆಗಿತ್ತು. ಅಕ್ಕ ಒಳಗೆ ಬಂದು ಬಿಸಿನೀರಿನ ಹಂಡೆಗೆ ಬೆಂಕಿ ಮಾಡಲು ನನಗೆ ಹೇಳಿ, ತನ್ನ ಹಳೆಯ ಸೀರೆಗಳನ್ನೆಲ್ಲ ಬಾಚಿಕೊಂಡು ಹೋದಳು. ಆ ಕಟ್ಟಡದ ಜಗಲಿಯ ಕಂಬದಿಂದ ಕಂಬಕ್ಕೆ ಸೀರೆ ಕಟ್ಟಿದಳು. ರಸ್ತೆಯಲ್ಲಿ ಹೋಗುವವರು ಹೋಗುತ್ತಲೇ ಇದ್ದರು. ನಾನು ನೀರು ಹೊತ್ತು ತಂದಾಗ ಆ ಹೆಂಗಸು ಅಕ್ಕನ ಭುಜವನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಅಕ್ಕ ಅವಳನ್ನು ತಬ್ಬಿ ಕೂತಿದ್ದಳು. ಹೆಣ್ಣು ಮಗು ಹುಟ್ಟಿತು. ಅಕ್ಕನೇ ಕೈಯೊಡ್ಡಿ ಹಿಡಿದಳು. ಮಗು ಅತ್ತಾಗ ಅವಳೂ ಅತ್ತಳು, ಗಟ್ಟಿಯಾಗಿ, ಸೀರೆಯ ಆಚೆಯವರಿಗೂ ಕೇಳುವ ಹಾಗೆ.

ಸಂಜೆ ಇಬ್ಬರೂ ಸ್ನಾನ ಮಾಡಿ ಹಿಂಬಾಗಿಲಿನಿಂದ ಮನೆಯೊಳಗೆ ಬಂದೆವು. ಮಾವ ಕೇಳಿದರು, "ಎಂತ ಆಯ್ತು?"

"ಹೆಣ್ಣು. ಇಬ್ಬರೂ ಚೆಂದ ಇದ್ದಾರೆ" ಎಂದೆ.

"ನೋಡಿ" ಎಂದು ಅವರು ಜಗಲಿಯಲ್ಲಿದ್ದವರ ಕಡೆ ತಿರುಗಿದರು. "ಜಗಲಿಯಲ್ಲೇ ಸುಖಪ್ರಸವ ಆಯ್ತು. ಕೋಣೆ ಕೋಣೆ ಅಂತ ಸುಮ್ಮನೆ ಗಲಾಟೆ."

ಮನೆ ಹಾಳಾಗಲಿ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ನಾನೂ ಇದ್ದ ಮನೆ ಅದು.

ಸ್ವಲ್ಪ ಕಾಲದ ಮೇಲೆ ಬ್ಲಾಕ್ ಆಫೀಸಿನಿಂದ ಒಂದು ನಮೂನೆ ಬಂತು. ಕಟ್ಟಡವನ್ನು ಮಂಜೂರಾದ ಉದ್ದೇಶಕ್ಕೇ ಬಳಸಲಾಗುತ್ತಿದೆ ಎಂದು ಮಂಡಲದವರು ಬರೆದುಕೊಡಬೇಕು, ಕೊಟ್ಟರೆ ಸರ್ಕಾರದ ಹಣದ ಕೊನೆಯ ಕಂತು ಬರುತ್ತದೆ. ಮಾವ ನನ್ನನ್ನು ಕರೆದು, ರುಜು ಹಾಕು ಎಂದರು. ಆಗ ಮಾತ್ರ ನನ್ನನ್ನು ಜಗಲಿಗೆ ಕರೆದರು.

"ಸುಳ್ಳಾಗ್ತದೆ ಮಾವ" ಎಂದೆ.

"ಎಂತ ಸುಳ್ಳು? ಹೊಲಿಗೆ, ಭಜನೆ ಅಂತ ಬರೆದದ್ದು ನೀನೇ ಅಲ್ವಾ? ಅದು ನಿಜವಾ?"

ನಾನು ಲೇಖನಿ ಮುಟ್ಟಲಿಲ್ಲ. "ನಾನು ಹಾಕುದಿಲ್ಲ" ಎಂದು ಒಳಗೆ ಬಂದೆ. ಮಾವ ಬೈಯಲಿಲ್ಲ. ನನ್ನ ಗಂಡ ಮುಖ ಕೊಟ್ಟು ಮಾತಾಡಲಿಲ್ಲ ಅಷ್ಟೆ. ಗೆದ್ದೆ ಎಂದು ನಾನು ಎಣಿಸಿದ್ದೆ.

ಕೆಲವು ದಿನಗಳ ಮೇಲೆ ಅಡುಗೆಮನೆಯಲ್ಲಿ ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದಾಗ ಅವರ ಎಡಗೈಯ ಹೆಬ್ಬೆರಳು ನೀಲಿಯಾಗಿರುವುದು ಕಂಡಿತು.

"ಎಂತ ಅತ್ತೆ ಅದು?"

"ಇದಾ? ನಿಮ್ಮ ಮಾವ ಒತ್ತು ಅಂದ್ರು, ಒತ್ತಿದೆ. ನಾನು ಅಧ್ಯಕ್ಷೆ ಅಲ್ವಾ? ನಿಮ್ಮ ಮಂಡಲದ್ದೇ ಕಾಗದವಂತೆ, ನಿಮಗೇ ಒಳ್ಳೆದಾಗ್ತದಂತೆ." ಅವರ ಮುಖದಲ್ಲಿ ಸಂತೋಷವಿತ್ತು. ನಮಗೆ ಸಹಾಯ ಮಾಡಿದೆ ಎಂದುಕೊಂಡಿದ್ದರು. ಆ ಮನೆಗೆ ಬಂದ ಮೇಲೆ ಅವರ ಬೆರಳು ಒಂದು ಕಾಗದಕ್ಕೆ ಬೇಕಾದದ್ದು ಅದೇ ಮೊದಲಿರಬೇಕು.

ಒಲೆಯ ಹತ್ತಿರವಿದ್ದ ಅಕ್ಕ ಎದ್ದು ಬಂದು, ಹುಣಸೆಹುಳಿ ತೆಗೆದು ಅತ್ತೆಯ ಬೆರಳನ್ನು ಉಜ್ಜತೊಡಗಿದಳು. ಶಾಯಿ ಪೂರ್ತಿ ಹೋಗಲಿಲ್ಲ. "ಬಿಡು ಮಗಾ, ನೋಯ್ತದೆ" ಎಂದರು ಅತ್ತೆ. ಅಕ್ಕ ಬಿಟ್ಟಳು.

ಮಂಡಲ ಮತ್ತೆ ಸೇರಲಿಲ್ಲ. ಗ್ರಾಮಸೇವಕಿಗೆ ಸುಳ್ಯದ ಕಡೆಗೆ ವರ್ಗವಾಯಿತು. ಹೋಗುವ ಮೊದಲು ನಮ್ಮ ಮನೆಗೆ ಬಂದು ಅಳುಮುಖ ಮಾಡಿಕೊಂಡು ಕೂತಿದ್ದಳು. ನಾನು ಅವಳಿಗೆ ಸಮಾಧಾನ ಹೇಳಲಿಲ್ಲ. ನನ್ನ ಎರಡು ಹೆರಿಗೆಗಳೂ ಪುತ್ತೂರಿನ ಆಸ್ಪತ್ರೆಯಲ್ಲೇ ಆದವು. ದಿನ ತುಂಬುವ ಮೊದಲೇ ಮಾವನೇ ಜೀಪು ತರಿಸಿ ಕಳಿಸಿಕೊಟ್ಟಿದ್ದರು, ಬಾಣಂತನಕ್ಕೆ ಏನೂ ಕಡಿಮೆ ಮಾಡಲಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಜೀಪು ತರಿಸಲಾಗದವರು ಮೊದಲಿನ ಹಾಗೇ ಹೆತ್ತರು. ಕೆಲವರು ಉಳಿದರು.

ಅರವತ್ತರ ದಶಕದ ಕೊನೆಗೆ ಮಾವ ತೀರಿಕೊಂಡರು. ಸೊಸೈಟಿಯವರು ನಮ್ಮ ಅಂಗಳದಲ್ಲೇ ಸಂತಾಪ ಸಭೆ ಮಾಡಿದರು. ಅಂಗಳ ತುಂಬ ಜನ. ಮಾತಾಡಿದವರೊಬ್ಬರು ಅವರ ಉಪಕಾರಗಳನ್ನು ಒಂದೊಂದಾಗಿ ನೆನೆದು, "ಹೆಂಗಸರ ಕಷ್ಟ ನೋಡಲಾರದೆ ತನ್ನ ಸ್ವಂತ ಭೂಮಿ ಕೊಟ್ಟು ಮಹಿಳಾ ಮಂಡಲಕ್ಕೆ ಕಟ್ಟಡ ಕಟ್ಟಿಸಿದ ಪುಣ್ಯಾತ್ಮರು" ಎಂದರು. ಅತ್ತೆ ಒಳಗೆ ಗೋಡೆಗೊರಗಿ ಕೂತು ಕಣ್ಣು ಒರೆಸಿಕೊಂಡರು. ನಾನು ಅಕ್ಕನ ಕಡೆ ನೋಡಿದೆ. ಅವಳು ಬಾಗಿಲಿನ ಮರೆಯಲ್ಲಿ ನಿಂತು ಕೇಳುತ್ತಿದ್ದಳು. "ಇಷ್ಟು ಜನಕ್ಕೆ ಕಾಫಿಗೆ ಹಾಲು ಸಾಕಾಗುದಿಲ್ಲ. ಗೌಡರ ಮನೆಯಿಂದ ತರಿಸು" ಎಂದು ಹೇಳಿ ಒಳಗೆ ಹೋದಳು.

ನಾನು ಹಾಲಿಗೆ ಜನ ಕಳಿಸಿದೆ. ಬಂದವರಿಗೆಲ್ಲ ಕಾಫಿ ಕೊಟ್ಟೆ, ಆ ಭಾಷಣ ಮಾಡಿದವರಿಗೂ. ಅವರು ಲೋಟ ತೆಗೆದುಕೊಳ್ಳುತ್ತಾ, "ನಿಮ್ಮ ಅಕ್ಷರ ಬಹಳ ಚೆಂದ ಅಂತ ಅವರು ಯಾವಾಗ್ಲೂ ಹೇಳ್ತಿದ್ರು" ಎಂದರು.